ಹೊಸ ಎಫ್‌ಎಂ ಬರುತ್ತದೆಯಂತೆ, ಹಳೆಯ ಧ್ವನಿಗಳು ಎಲ್ಲಿ ಹೋದವು? ಗಡಿನಾಡಿನ ಕೇಳುಗರ ಗೊಂದಲಕ್ಕೆ ಒಂದು ವಿವರಣೆ

ಕಾಸರಗೋಡಿನ ರೇಡಿಯೊ ಕೇಳುಗರ ಮುಂದೆ ಒಂದಕ್ಕೊಂದು ತಾಳೆಯಾಗದ ಎರಡು ಸಂಗತಿಗಳಿವೆ. ದೇಶದ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳನ್ನು ಹರಾಜು ಹಾಕಲು ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 28ರಂದು ಒಪ್ಪಿಗೆ ನೀಡಿತು. ಆ ಪಟ್ಟಿಯಲ್ಲಿ ಕಾಸರಗೋಡು ಜಿಲ್ಲೆಯ ಕಾಞಂಗಾಡು ಇದೆ, ಅದರ ಪಾಲಿಗೆ 3 ವಾಹಿನಿಗಳಿವೆ. ಇದು ಒಂದು ಸಂಗತಿ. ಇರುವ ನಿಲಯಗಳಿಂದಲೇ ಪರಿಚಿತ ಧ್ವನಿಗಳು ಒಂದೊಂದಾಗಿ ಇಲ್ಲವಾಗುತ್ತಿರುವುದು ಇನ್ನೊಂದು. ವರ್ಷಗಟ್ಟಲೆ ಬೆಳಗಿನ ಕಾಫಿಯ ಜೊತೆಗಿದ್ದ ಆರ್‌ಜೆ ಒಂದು ಸೋಮವಾರ ಬರುವುದಿಲ್ಲ. ಆ ಜಾಗದಲ್ಲಿ ಹಾಡು, ಮತ್ತೆ ಹಾಡು, ಕೆಲವು ದಿನಗಳ ಬಳಿಕ ಬೇರೊಂದು ಧ್ವನಿ. ಹೋದವರು ಯಾಕೆ ಹೋದರು ಎಂಬ ಬಗ್ಗೆ ನಿಲಯ ತುಟಿ ಬಿಚ್ಚುವುದಿಲ್ಲ. ಎಷ್ಟೋ ಸಮಯದ ಮೇಲೆ ಅದೇ ಧ್ವನಿ ಯಾವುದೋ ಯೂಟ್ಯೂಬ್ ಮಾತುಕತೆಯಲ್ಲಿ ಸಿಗುತ್ತದೆ. ಹಳೆಯ ಸಹೋದ್ಯೋಗಿಯ ಎದುರು ಕುಳಿತು, ಯಾರು ಯಾವಾಗ ಹೊರಬಿದ್ದರು, ಯಾರ ಕಾರ್ಯಕ್ರಮ ಯಾವ ಶುಕ್ರವಾರ ನಿಂತಿತು ಎಂದು ನಗುತ್ತಲೇ ಹೇಳುತ್ತಿರುತ್ತದೆ.

ವ್ಯವಹಾರ ನಷ್ಟದ್ದಾದರೆ ಹೊಸ ನಿಲಯಗಳೇಕೆ? ಲಾಭದ್ದಾದರೆ ಜನರನ್ನು ಮನೆಗೆ ಕಳುಹಿಸುವುದೇಕೆ? ಎರಡೂ ಒಂದೇ ಲೆಕ್ಕಪುಸ್ತಕದ ಎರಡು ಪುಟಗಳು. ಆ ಪುಸ್ತಕದಲ್ಲಿ ಗಡಿನಾಡಿನ ಕನ್ನಡ ಕೇಳುಗನ ಹೆಸರು ಎಲ್ಲೂ ಇಲ್ಲ ಎಂಬುದು ಈ ಕಥೆಯ ಹೆಚ್ಚು ಮುಖ್ಯವಾದ ಭಾಗ.

ತಲಪಾಡಿಯಲ್ಲಿ ನಿಲ್ಲದ ತರಂಗ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ನಿಲಯ ಶುರುವಾದಾಗ ಅದರ ತರಂಗಗಳು ಈ ಗಡಿಯನ್ನು ಲೆಕ್ಕಕ್ಕಿಡಲಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳಿಗೆ ಕನ್ನಡ ವಾರ್ತೆ, ಕೃಷಿ ಮಾತು, ತಾಳಮದ್ದಳೆ, ತುಳು ಮತ್ತು ಕೊಂಕಣಿ ಕಾರ್ಯಕ್ರಮಗಳು ಬಂದದ್ದು ಅಲ್ಲಿಂದಲೇ. ದಕ್ಷಿಣದಲ್ಲಿ ಕಣ್ಣೂರು ಆಕಾಶವಾಣಿ ಆರಂಭವಾದದ್ದು 1991ರಲ್ಲಿ, ಅದರ ಭಾಷೆ ಮಲಯಾಳ. ಕಾಸರಗೋಡು ಇವೆರಡರ ನಡುವೆ ಉಳಿಯಿತು.

ಖಾಸಗಿ ಎಫ್‌ಎಂ ಕಾಲದಲ್ಲೂ ಇದೇ ನಡೆಯಿತು. ಮಂಗಳೂರಿನಲ್ಲಿ ಮೂರು ಖಾಸಗಿ ನಿಲಯಗಳು ಬಂದವು, ಕಣ್ಣೂರಿನಲ್ಲಿ ನಾಲ್ಕು. ಜಿಲ್ಲೆಯೊಳಗಿಂದ ಒಂದೂ ಇಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಡಿಯ ತಲಪಾಡಿಯಿಂದ ದಕ್ಷಿಣಕ್ಕೆ ಹೋಗುವ ಕಾರಿನಲ್ಲಿ ರೇಡಿಯೊವನ್ನು 93.5ರಲ್ಲಿ ಇಟ್ಟು ಬಿಡಿ. ಮಂಗಳೂರು ಮತ್ತು ಕಣ್ಣೂರು ಎರಡೂ ಕಡೆ ಆ ಕಂಪನಾಂಕ ಒಂದೇ ಜಾಲದ ಕೈಯಲ್ಲಿದೆ. ಹೊರಡುವಾಗ ಕನ್ನಡ, ತುಳು ಹಾಡುಗಳು. ದಾರಿಯಲ್ಲಿ ಎಲ್ಲೋ ಒಂದು ತಿರುವಿನಲ್ಲಿ ಗೊರಗೊರ ಸದ್ದು, ಎರಡು ಭಾಷೆಗಳ ಜಗ್ಗಾಟ. ಮುಂದೆ ಹೋದಂತೆ ಮಲಯಾಳ. ರೇಡಿಯೊದ ಗುಂಡಿಯನ್ನು ಯಾರೂ ಮುಟ್ಟಿರುವುದಿಲ್ಲ.

ಇದಕ್ಕೆ ಕಾರಣ ಭೌತಶಾಸ್ತ್ರ. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಗೋಪುರದ ಎತ್ತರ ಮತ್ತು ನಡುವಿನ ಗುಡ್ಡಗಳು ಅದರ ವ್ಯಾಪ್ತಿಯನ್ನು ನಿರ್ಧರಿಸುತ್ತವೆ. ಒಂದೇ ಕಂಪನಾಂಕದಲ್ಲಿ ಎರಡು ತರಂಗಗಳು ಬಂದರೆ ಎಫ್‌ಎಂ ಗ್ರಾಹಕ ಯಂತ್ರವು ಎರಡನ್ನೂ ಬೆರೆಸಿ ಕೇಳಿಸುವುದಿಲ್ಲ, ಬಲವಾದದ್ದನ್ನು ಹಿಡಿದು ದುರ್ಬಲವಾದದ್ದನ್ನು ಅದುಮಿಬಿಡುತ್ತದೆ. ಮಂಗಳೂರಿನ ಧ್ವನಿ ಕಾಸರಗೋಡಿಗೆ ಬರುವುದು ಹಕ್ಕಿನಿಂದಲ್ಲ, ಅಲ್ಲಿ ಅದಕ್ಕಿಂತ ಬಲವಾದದ್ದು ಇಲ್ಲದ್ದರಿಂದ. ಇದು ಮುಂದೆ ಮತ್ತೆ ಬೇಕಾಗುತ್ತದೆ.

ಅಂದಹಾಗೆ, ಹೊರಗಿನ ನಿಲಯ ಕೇಳಿ ಬದುಕುವುದು ಗಡಿನಾಡಿನವರು ಕಂಡುಹಿಡಿದ ವಿದ್ಯೆಯಲ್ಲ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳನ್ನು ಹೊರಗಿಟ್ಟಾಗ ಇಡೀ ದೇಶ ರೇಡಿಯೊ ಸಿಲೋನ್‌ನತ್ತ ತಿರುಗಿತ್ತು. ಕೇಳುಗರನ್ನು ಮರಳಿ ಕರೆತರಲು 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಬರಬೇಕಾಯಿತು.

ಕಡಿಯಲು ಸಿಗುವ ಒಂದೇ ಖರ್ಚು

ಆರ್‌ಜೆ ಕೆಲಸ ಕಳೆದುಕೊಂಡರೆ ಕೇಳುಗರು ಸಾಮಾನ್ಯವಾಗಿ ಊಹಿಸುವುದು ಎರಡು: ಏನೋ ತಪ್ಪು ಮಾತಾಡಿರಬೇಕು, ಇಲ್ಲವೇ ಜನಪ್ರಿಯತೆ ಕುಸಿದಿರಬೇಕು. ಬಹಳ ಸಲ ಎರಡೂ ಅಲ್ಲ. ಖಾಸಗಿ ಎಫ್‌ಎಂನ ಖರ್ಚುಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಾರಣ ಕಾಣುತ್ತದೆ.

ಮೊದಲನೆಯದು ಹರಾಜಿನಲ್ಲಿ ಒಮ್ಮೆಲೇ ಕಟ್ಟಿದ ಪ್ರವೇಶ ಶುಲ್ಕ. ಅದು ಮರಳಿ ಬರುವುದಿಲ್ಲ. ಎರಡನೆಯದು ವಾರ್ಷಿಕ ಪರವಾನಗಿ ಶುಲ್ಕ. ಖಾಸಗಿ ಎಫ್‌ಎಂಗಾಗಿ ಸರ್ಕಾರ 2011ರಲ್ಲಿ ತಂದ ಮೂರನೇ ಹಂತದ ನೀತಿಯ ಪ್ರಕಾರ ಒಟ್ಟು ಆದಾಯದ ಶೇ. 4 ಅಥವಾ ಪ್ರವೇಶ ಶುಲ್ಕಕ್ಕೆ ತಳಕು ಹಾಕಿದ ಮೊತ್ತದ ಶೇ. 2.5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಅಂದರೆ ಆದಾಯ ನೆಲ ಕಚ್ಚಿದರೂ ಶುಲ್ಕ ಒಂದು ಮಟ್ಟದಿಂದ ಕೆಳಗೆ ಇಳಿಯುವುದಿಲ್ಲ. ಮೂರನೆಯದು ಗೋಪುರ ಮತ್ತು ಪ್ರಸಾರ ಯಂತ್ರಗಳ ಬಾಡಿಗೆ. ಒಂದು ಊರಿನ ನಿಲಯಗಳು ಒಂದೇ ಗೋಪುರ ಹಂಚಿಕೊಳ್ಳುತ್ತವೆ, ಆ ಬಾಡಿಗೆಯಲ್ಲಿ ಚೌಕಾಸಿ ಕಷ್ಟ. ನಾಲ್ಕನೆಯದು ಹಾಡುಗಳ ಹಕ್ಕಿನ ಹಣ. ಧ್ವನಿಮುದ್ರಣದ ರಾಯಧನವನ್ನು 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ನಿವ್ವಳ ಜಾಹೀರಾತು ಆದಾಯದ ಶೇ. 2ಕ್ಕೆ ನಿಗದಿ ಮಾಡಿತ್ತು. 2012ರ ತಿದ್ದುಪಡಿಯ ಬಳಿಕ ಗೀತರಚನೆಕಾರರ ಮತ್ತು ಸಂಗೀತ ಸಂಯೋಜಕರ ಪಾಲಿನ ಪ್ರಶ್ನೆಯೂ ಸೇರಿಕೊಂಡಿತು. ಅದು ನ್ಯಾಯವಾದ ಪಾಲೇ, ಆದರೆ ನಿಲಯದ ಪಾಲಿಗೆ ಖರ್ಚು ಖರ್ಚೇ.

ಆದಾಯದ ಕಡೆ ಇರುವುದು ಬಹುಮಟ್ಟಿಗೆ ಜಾಹೀರಾತು. ಕೇಳುಗರಿಂದ ಒಂದು ಪೈಸೆಯೂ ಬರುವುದಿಲ್ಲ. ಉದ್ಯಮಗಳ ಒಕ್ಕೂಟ ಫಿಕ್ಕಿ ಮತ್ತು ಸಲಹಾ ಸಂಸ್ಥೆ ಇವೈ ಹೊರತರುವ ವಾರ್ಷಿಕ ವರದಿಗಳ ಅಂದಾಜಿನಂತೆ ದೇಶದ ರೇಡಿಯೊ ಉದ್ಯಮದ ಆದಾಯ 2019ರಲ್ಲಿ ಸುಮಾರು 3,100 ಕೋಟಿ ರೂಪಾಯಿ ಇತ್ತು. 2020ರಲ್ಲಿ ಅದು ಸುಮಾರು 1,400 ಕೋಟಿಗೆ ಕುಸಿಯಿತು. 2024ರ ಹೊತ್ತಿಗೂ ಸುಮಾರು 2,500 ಕೋಟಿಗೆ ತಲುಪಿತಷ್ಟೆ. ಬೆಲೆ ಏರಿಕೆಯನ್ನು ಸೇರಿಸಿ ನೋಡಿದರೆ ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಅಂಗಡಿಯವನ ಜಾಹೀರಾತು ಹಣ ಮೊಬೈಲಿಗೆ ಹೋಗಿದೆ. ಮಂಗಳೂರಿನಲ್ಲೂ ನಿಲಯ ಹೊಂದಿರುವ ಬಿಗ್ ಎಫ್‌ಎಂನ ಮಾತೃಸಂಸ್ಥೆ 2023ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಗಿ, 2024ರ ಮೇ ತಿಂಗಳಲ್ಲಿ ಬೇರೆ ಕೈಗೆ ದಾಟಲು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿತು.

ಇಂಥ ಹೊತ್ತಿನಲ್ಲಿ ಮೇಲಿನ ಪಟ್ಟಿಯಿಂದ ಏನನ್ನು ಕಡಿಯಬಹುದು? ಸರ್ಕಾರದ ಶುಲ್ಕ ಕಡಿಯಲಾಗದು, ಗೋಪುರ ಇಳಿಸಲಾಗದು, ಹಾಡಿಲ್ಲದೆ ಎಫ್‌ಎಂ ನಡೆಯದು. ಉಳಿಯುವುದು ಮಾತಾಡುವವರ ಸಂಬಳ. ಅದರಲ್ಲೂ ಹತ್ತು ವರ್ಷ ದುಡಿದು ಹೆಸರು ಮಾಡಿದವರ ಸಂಬಳ ಹೊಸಬರಿಗಿಂತ ಹೆಚ್ಚಿರುತ್ತದೆ. ಹಾಗಾಗಿ ಹೆಚ್ಚು ಜನಪ್ರಿಯರಾದವರೇ ಮೊದಲು ಹೋಗುವ ವಿಚಿತ್ರ ಇಲ್ಲಿ ನಡೆಯುತ್ತದೆ. ಕೇಳುಗರಿಗೆ ಇದು ಅನ್ಯಾಯವಾಗಿ ಕಾಣುತ್ತದೆ, ಲೆಕ್ಕಿಗನಿಗೆ ಸಹಜವಾಗಿ.

ನಾಲ್ಕು ಗಂಟೆಯ ಕಾರ್ಯಕ್ರಮ, ಇಪ್ಪತ್ತನಾಲ್ಕು ನಿಮಿಷದ ಮಾತು

ಆರ್‌ಜೆ ಇಲ್ಲದೆ ನಿಲಯ ಹೇಗೆ ನಡೆಯುತ್ತದೆ? ಒಂದು ಗಂಟೆಯನ್ನು ಬಿಡಿಸಿ ನೋಡೋಣ. ಹತ್ತು ಹನ್ನೆರಡು ಹಾಡುಗಳು, ಜಾಹೀರಾತಿನ ಕಂತುಗಳು, ನಿಲಯದ ಹೆಸರು ಹೇಳುವ ತುಣುಕುಗಳು. ನಡುವೆ ನಾಲ್ಕು ಬಾರಿ ಆರ್‌ಜೆ ಮಾತಾಡುತ್ತಾರೆ ಎಂದಿಟ್ಟುಕೊಳ್ಳಿ, ಒಂದೊಂದು ಬಾರಿ ಒಂದೂವರೆ ನಿಮಿಷ. ಗಂಟೆಗೆ ಆರು ನಿಮಿಷ, ನಾಲ್ಕು ಗಂಟೆಯ ಕಾರ್ಯಕ್ರಮಕ್ಕೆ ಇಪ್ಪತ್ತನಾಲ್ಕು ನಿಮಿಷ. ಅಷ್ಟು ಮಾತನ್ನು ಮುಂಚಿತವಾಗಿ ಮುದ್ರಿಸಿ ಕಂಪ್ಯೂಟರಿಗೆ ಒಪ್ಪಿಸಿದರೆ ಅದು ಹಾಡುಗಳ ನಡುವೆ ತಾನೇ ಜೋಡಿಸಿಕೊಳ್ಳುತ್ತದೆ. ನೇರ ಪ್ರಸಾರ ಎಂದು ಕೇಳುಗ ಭಾವಿಸಿದ ಹೊತ್ತಿನಲ್ಲಿ ಆರ್‌ಜೆ ಮನೆಯಲ್ಲಿ ಊಟ ಮಾಡುತ್ತಿರಬಹುದು. ಒಬ್ಬರೇ ಒಂದು ದಿನದಲ್ಲಿ ಮೂರು ಊರುಗಳಿಗೆ ಮಾತು ಮುದ್ರಿಸಿ ಕೊಡಬಹುದು. ಆಗ ಉಳಿದ ಇಬ್ಬರು ಬೇಡವಾಗುತ್ತಾರೆ.

ತಂತ್ರಜ್ಞಾನ ಇದ್ದರೆ ಸಾಲದು, ನಿಯಮವೂ ಅನುವು ಮಾಡಿಕೊಡಬೇಕು. 2011ರ ಮೂರನೇ ಹಂತದ ನೀತಿ ಒಂದು ಕಂಪನಿ ತನ್ನದೇ ಜಾಲದ ನಿಲಯಗಳ ನಡುವೆ ದೇಶದಾದ್ಯಂತ ಕಾರ್ಯಕ್ರಮ ಹಂಚಿಕೊಳ್ಳಲು ಅವಕಾಶ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ, ಒಂದು ಕಂಪನಿ ದೇಶದ ಒಟ್ಟು ವಾಹಿನಿಗಳ ಶೇ. 15ಕ್ಕಿಂತ ಹೆಚ್ಚು ಹೊಂದಬಾರದೆಂಬ ಮಿತಿಯನ್ನೂ ಸರ್ಕಾರ ತೆಗೆದುಹಾಕಿತು. ಉದ್ಯಮಕ್ಕೆ ಉಸಿರಾಡಲು ಇದು ಬೇಕಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಇದೇ ದಾರಿಯಲ್ಲಿ ನಮಗಿಂತ ಮೊದಲು ನಡೆದ ದೇಶವೊಂದಿದೆ.

ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ರೇಡಿಯೊ ಒಡೆತನದ ರಾಷ್ಟ್ರೀಯ ಮಿತಿಯನ್ನು ಕಿತ್ತುಹಾಕಿತು. ಅದಕ್ಕೆ ಮೊದಲು ಒಂದು ಕಂಪನಿ ಕೆಲವೇ ಹತ್ತಾರು ನಿಲಯಗಳನ್ನು ಇಟ್ಟುಕೊಳ್ಳಬಹುದಿತ್ತು. ಕಾಯ್ದೆ ಬಂದ ಕೆಲವು ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಬಳಿ ಸುಮಾರು 1,200 ನಿಲಯಗಳಿದ್ದವು. ಕೊಳ್ಳಲು ಮಾಡಿದ ಸಾಲ ಬೆಟ್ಟವಾಯಿತು. ಹೆಸರು ಬದಲಿಸಿ ಐಹಾರ್ಟ್ ಆದ ಕಂಪನಿ 2018ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು, 2020ರ ಜನವರಿಯಲ್ಲಿ ದೇಶದುದ್ದಕ್ಕೂ ಸಾಮೂಹಿಕವಾಗಿ ನಿರೂಪಕರನ್ನು ಕೈಬಿಟ್ಟಿತು. 2023ರಲ್ಲಿ ಪೋರ್ಟ್‌ಲ್ಯಾಂಡ್ ನಗರದ ನಿಲಯವೊಂದು ತನ್ನ ನಿರೂಪಕಿ ಆಶ್ಲಿಯ ಧ್ವನಿಯ ಕೃತಕ ಪ್ರತಿಯನ್ನೇ ದಿನದ ಕೆಲವು ಹೊತ್ತು ಪ್ರಸಾರಕ್ಕೆ ಬಿಟ್ಟಿತು. ಅಲ್ಲಿನ ಹಳೆಯ ಡಿಸ್ಕ್ ಜಾಕಿಗಳು ಒಟ್ಟಿಗೆ ಸೇರಿದಾಗ ಮಾತು ವಜಾದ ಕಥೆಗಳತ್ತ ತಿರುಗುವುದು ಇದರಿಂದಲೇ. ಆ ವೃತ್ತಿಯಲ್ಲಿ ಕೆಲಸ ಹೋಗುವುದು ಬಹುತೇಕ ಎಲ್ಲರ ಅನುಭವ.

ಕೊನೆಯ ನಮಸ್ಕಾರಕ್ಕೆ ಮೈಕ್ ಸಿಗದ್ದೇಕೆ

ಕೇಳುಗರನ್ನು ಹೆಚ್ಚು ನೋಯಿಸುವುದು ಆರ್‌ಜೆ ಹೋದದ್ದಲ್ಲ, ಹೇಳದೆ ಹೋದದ್ದು. ಇದರಲ್ಲಿ ಆರ್‌ಜೆಯ ತಪ್ಪು ಅಪರೂಪ. ನೇರ ಪ್ರಸಾರದಲ್ಲಿ ಆಡಿದ ಪ್ರತಿ ಮಾತಿಗೂ ಪರವಾನಗಿ ಪಡೆದ ಕಂಪನಿಯೇ ಹೊಣೆ. ಆಕಾಶವಾಣಿಯ ಕಾರ್ಯಕ್ರಮ ಮತ್ತು ಜಾಹೀರಾತು ಸಂಹಿತೆ ಖಾಸಗಿ ಎಫ್‌ಎಂಗೂ ಅನ್ವಯ. ಕೆಲಸ ಹೋದ ಸಿಟ್ಟಿನಲ್ಲಿರುವ ಮನುಷ್ಯನ ಕೈಗೆ ಮೈಕ್ ಕೊಡಲು ಯಾವ ಆಡಳಿತವೂ ಒಪ್ಪುವುದಿಲ್ಲ. ಹಾಗಾಗಿ ಸುದ್ದಿ ತಿಳಿಸುವುದು ಅಂದಿನ ಕಾರ್ಯಕ್ರಮ ಮುಗಿದ ಮೇಲೆ, ಮರುದಿನ ಸ್ಟುಡಿಯೊದ ಬಾಗಿಲು ತೆರೆಯುವುದಿಲ್ಲ. ಎಚ್ಚರಿಕೆಯ ದೃಷ್ಟಿಯಿಂದ ಇದು ಅರ್ಥವಾಗುವಂಥದ್ದು. ಆದರೆ ಹತ್ತು ವರ್ಷ ಪ್ರತಿದಿನ ‘ನಿಮ್ಮ ಮನೆಯ ಸದಸ್ಯ’ ಎಂದು ಪ್ರಚಾರ ಮಾಡಿದ ಧ್ವನಿಯನ್ನು ಹೀಗೆ ಅಳಿಸಿಹಾಕುವುದು ಒರಟುತನವೇ. ಎರಡು ನಿಮಿಷದ ವಿದಾಯವನ್ನು ಮುದ್ರಿಸಿಕೊಂಡು, ಕೇಳಿ ನೋಡಿ ಪ್ರಸಾರ ಮಾಡಲು ಯಾವ ಸಂಹಿತೆಯೂ ಅಡ್ಡಬರುವುದಿಲ್ಲ.

ಕಾನೂನಿನ ಆಸರೆ ಎಷ್ಟಿದೆ? ಅದು ಆರ್‌ಜೆಯ ಕೈಯಲ್ಲಿರುವ ಕಾಗದದ ಮೇಲೆ ನಿಂತಿದೆ. ಹಲವರು ದಾಖಲೆಯ ಪ್ರಕಾರ ನೌಕರರೇ ಅಲ್ಲ. ಶೇ. 10 ತೆರಿಗೆ ಮುರಿದುಕೊಂಡು ‘ವೃತ್ತಿಪರ ಶುಲ್ಕ’ ಎಂದು ಹಣ ಪಡೆಯುವ ಸಲಹೆಗಾರರು. ಅಂಥವರ ಒಪ್ಪಂದ ನವೀಕರಣವಾಗದಿದ್ದರೆ ಅದು ವಜಾ ಎಂದು ಲೆಕ್ಕಕ್ಕೇ ಬರುವುದಿಲ್ಲ. ಕಾರ್ಮಿಕ ಎಂಬ ವ್ಯಾಖ್ಯೆಗೆ ಸೇರುವವರಿಗೆ ಒಂದು ತಿಂಗಳ ಸೂಚನೆ ಮತ್ತು ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಪರಿಹಾರ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಎರಡು ವಿಷಯಗಳಲ್ಲಿ ಸ್ವಲ್ಪ ಬಾಗಿಲು ತೆರೆದಿವೆ. ಪತ್ರಕರ್ತರ ವ್ಯಾಖ್ಯೆಯಲ್ಲಿ ರೇಡಿಯೊ ಮುಂತಾದ ವಿದ್ಯುನ್ಮಾನ ಮಾಧ್ಯಮ ಸೇರಿದೆ, ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ದಕ್ಕುತ್ತದೆ. ಆದರೆ ಅವಧಿ ಮುಗಿದು ಕೆಲಸ ನಿಂತರೆ ಅದನ್ನು ಹೊಸ ಸಂಹಿತೆಯೂ ಪರಿಹಾರ ಕೊಡಬೇಕಾದ ಉದ್ಯೋಗ ಕಡಿತದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೇಲಾಗಿ ಹಾಡು ಹಾಕಿ ಹರಟುವ ಆರ್‌ಜೆ ಪತ್ರಕರ್ತನೇ ಎಂಬ ಪ್ರಶ್ನೆ ಇದ್ದೇ ಇದೆ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಹೇಳುವ ಅನುಮತಿಯೇ ಇಲ್ಲವಲ್ಲ.

ಕೆಲಸ ಬಿಟ್ಟ ಮೇಲೆ ಇಷ್ಟು ತಿಂಗಳು ಎದುರಾಳಿ ನಿಲಯಕ್ಕೆ ಸೇರಕೂಡದು ಎಂಬ ಷರತ್ತು ಹಲವರನ್ನು ಹೆದರಿಸುತ್ತದೆ. ಇದು ಮಾತ್ರ ಹೆಚ್ಚಾಗಿ ಬೆದರುಬೊಂಬೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮು, ಯಾರನ್ನೇ ಆಗಲಿ ನ್ಯಾಯವಾದ ವೃತ್ತಿಯಿಂದ ತಡೆಯುವ ಒಪ್ಪಂದವನ್ನು ಅಷ್ಟರ ಮಟ್ಟಿಗೆ ಅಸಿಂಧು ಎನ್ನುತ್ತದೆ. ಕಾರ್ಯಕ್ರಮದ ಹೆಸರು ಮತ್ತು ಧ್ವನಿಮುದ್ರಿಕೆಗಳ ವಿಷಯ ಬೇರೆ, ಅವು ಬಹುತೇಕ ಕಂಪನಿಯ ಸ್ವತ್ತು.

ಆಕಾಶವಾಣಿಯಲ್ಲಿ ಯಾರನ್ನೂ ವಜಾ ಮಾಡುವುದಿಲ್ಲ

ಸರ್ಕಾರಿ ನಿಲಯದಲ್ಲಾದರೂ ಭದ್ರತೆ ಇದೆ ಎಂಬ ನಂಬಿಕೆ ಅರ್ಧ ಸತ್ಯ. ಅಲ್ಲಿ ಕೇಳುವ ಧ್ವನಿಗಳಲ್ಲಿ ಬಹುಪಾಲು ಸಾಂದರ್ಭಿಕ ಉದ್ಘೋಷಕರದ್ದು, ತಿಂಗಳಿಗೆ ಹೆಚ್ಚೆಂದರೆ ಆರು ಕರ್ತವ್ಯ. ಸಂಬಳವಿಲ್ಲ, ಪಾಳಿಯ ಲೆಕ್ಕದ ಸಂಭಾವನೆ. ಇಪ್ಪತ್ತು ವರ್ಷ ಒಂದೇ ಮೈಕಿನ ಮುಂದೆ ಕುಳಿತವರೂ ಸಾಂದರ್ಭಿಕರೇ. ಆರರ ಮಿತಿ ಏಕೆಂದರೆ, ಹೆಚ್ಚು ದಿನ ಕೆಲಸ ಕೊಟ್ಟರೆ ಕಾಯಂ ಮಾಡಿ ಎಂಬ ಬೇಡಿಕೆಗೆ ಬಲ ಬರುತ್ತದೆ. ಕರ್ನಾಟಕದಿಂದಲೇ ಹೋದ, ಉಮಾದೇವಿ ಪ್ರಕರಣ ಎಂದು ಹೆಸರಾದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪಿನ ಬಳಿಕ ಹಿಂಬಾಗಿಲಿನ ಕಾಯಮಾತಿ ಇನ್ನೂ ಕಷ್ಟವಾಯಿತು. ಆದ್ದರಿಂದ ಇಲ್ಲಿ ವಜಾ ಎಂಬುದೇ ಇಲ್ಲ. ಮುಂದಿನ ತಿಂಗಳ ಕರ್ತವ್ಯಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ.

ಯಾವ ಲೆಕ್ಕದಲ್ಲೂ ಇಲ್ಲದ ಕೇಳುಗ

ರೇಡಿಯೊ ಕೇಳುಗರನ್ನು ಎಣಿಸುವ ‘ರ‍್ಯಾಮ್’ ಸಮೀಕ್ಷೆ ನಡೆದದ್ದು ದಿಲ್ಲಿ, ಮುಂಬೈ, ಕೋಲ್ಕತ್ತ, ಬೆಂಗಳೂರು ಎಂಬ ನಾಲ್ಕೇ ನಗರಗಳಲ್ಲಿ. ಮಂಗಳೂರೇ ಆ ಎಣಿಕೆಯಲ್ಲಿಲ್ಲದ ಮೇಲೆ ಮಂಜೇಶ್ವರದ ಮಾತೆಲ್ಲಿ? ಪರವಾನಗಿ ಕೊಡುವುದು ನಗರಕ್ಕೆ. ಮಂಗಳೂರಿನ ನಿಲಯಕ್ಕೆ ಅದರ ಮಾರುಕಟ್ಟೆ ಮಂಗಳೂರು. ಗಡಿಯಾಚೆ ಬಾಯಾರು ಎಂಬ ಊರಿನ ತೋಟದಲ್ಲಿ ಅಡಿಕೆ ಸುಲಿಯುತ್ತ ಕೇಳುವವರು ಅದಕ್ಕೆ ಹೆಚ್ಚುವರಿ ಸಂತೋಷ, ಆದಾಯವಲ್ಲ. ಮಂಗಳೂರಿನ ಆಸ್ಪತ್ರೆಯೋ ಜವಳಿ ಅಂಗಡಿಯೋ ಗಡಿಯಾಚೆಯ ಗಿರಾಕಿಗಳನ್ನು ನಂಬಿದ್ದರೂ, ಜಾಹೀರಾತು ದರ ನಿಗದಿಯಾಗುವಾಗ ಆ ಕೇಳುಗರಿಗೆ ಪ್ರತ್ಯೇಕ ಬೆಲೆ ಸಿಗುವುದಿಲ್ಲ.

ಇದರ ಪರಿಣಾಮ ನೇರವಾದದ್ದು. ಕುಂಬಳೆ ಸೀಮೆಯ ಕನ್ನಡ, ಅಲ್ಲಿನ ತುಳು, ಅಲ್ಲಿನ ದೇವಸ್ಥಾನದ ಉತ್ಸವ, ಅಲ್ಲಿನ ಶಾಲೆಯ ಪಾಡು ತಿಳಿದ ಆರ್‌ಜೆಯಿಂದ ನಿಲಯಕ್ಕೆ ಬರುವ ಲಾಭ ಯಾವ ಕಾಗದದಲ್ಲೂ ಕಾಣುವುದಿಲ್ಲ. ಅವರ ಸಂಬಳ ಮಾತ್ರ ಕಾಣುತ್ತದೆ.

2020ರ ಮಾರ್ಚ್‌ನಲ್ಲಿ ಇದರ ಬಿಸಿ ತಟ್ಟಿತ್ತು. ಲಾಕ್‌ಡೌನ್ ಹೊತ್ತಿನಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದರು. ವಿಷಯ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆಯವರು ಕೇಳುವ ಮಾಧ್ಯಮ ಮಂಗಳೂರಿನ ಎಫ್‌ಎಂ ಆಗಿತ್ತು. ಆದರೆ ನಿಯಮದಂತೆ ಖಾಸಗಿ ನಿಲಯದ ಆರ್‌ಜೆ ರಸ್ತೆ ಮುಚ್ಚಿದೆ ಎಂದು ಹೇಳಬಹುದು, ಏಕೆಂದರೆ ಸಂಚಾರ, ಹವಾಮಾನ, ನಾಗರಿಕ ಸೌಲಭ್ಯಗಳ ಪ್ರಕಟಣೆಗಳನ್ನು ಮೂರನೇ ಹಂತದ ನೀತಿ ಸುದ್ದಿ ಎಂದು ಪರಿಗಣಿಸುವುದಿಲ್ಲ. ಮುಚ್ಚಿದ್ದು ಸರಿಯೇ ಎಂದು ಚರ್ಚಿಸಿದರೆ ಅದು ಪ್ರಚಲಿತ ವಿದ್ಯಮಾನವಾಗುತ್ತದೆ, ಅದಕ್ಕೆ ಅನುಮತಿ ಇಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು, ಅಷ್ಟೆ.

ಯಾರ ವಾದ ಏನು

ನಿಲಯಗಳ ಮಾಲೀಕರು ಹೇಳುವುದು: ಶುಲ್ಕ ಇಳಿಸಿ, ಸುದ್ದಿಗೆ ಅವಕಾಶ ಕೊಡಿ, ಆಗ ಜನರನ್ನು ಇಟ್ಟುಕೊಳ್ಳುತ್ತೇವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಇದನ್ನು ಬಹುಮಟ್ಟಿಗೆ ಒಪ್ಪಿದೆ. ವಾರ್ಷಿಕ ಶುಲ್ಕವನ್ನು ಪ್ರವೇಶ ಶುಲ್ಕದ ತಳಕಿನಿಂದ ಬಿಡಿಸಬೇಕು, ಗಂಟೆಗೆ 10 ನಿಮಿಷದವರೆಗೆ ಸುದ್ದಿಗೆ ಅವಕಾಶ ಕೊಡಬೇಕು, ಮೊಬೈಲ್ ಫೋನ್‌ಗಳಲ್ಲಿ ಎಫ್‌ಎಂ ಗ್ರಾಹಕ ಸಾಧನ ಇರಬೇಕು ಎಂದು 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ಹೊಸ 234 ಪಟ್ಟಣಗಳಿಗೆ ಶುಲ್ಕದ ಮಾತು ಈಡೇರಿದೆ, ಅಲ್ಲಿ ಒಟ್ಟು ಆದಾಯದ ಶೇ. 4 ಮಾತ್ರ. ಹೊಸ ನಿಲಯಗಳು ಬರುವುದೇಕೆ, ಹಳೆಯವು ಜನರನ್ನು ಬಿಡುವುದೇಕೆ ಎಂಬ ಗೊಂದಲದ ಒಂದು ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ: ಹೊಸ ಊರಿನಲ್ಲಿ ನಿಲಯ ತೆರೆಯುವುದು ಹಳೆಯ ಊರಿನಲ್ಲಿ ನಡೆಸುವುದಕ್ಕಿಂತ ಹಗುರ.

ಸರ್ಕಾರದ ಮಾತು ಬೇರೆ. ಹೊಸ ವಾಹಿನಿಗಳಿಂದ ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮಗಳು ಬರುತ್ತವೆ, ಉದ್ಯೋಗ ಸೃಷ್ಟಿಯಾಗುತ್ತದೆ ಎಂದು ಸಂಪುಟ ನಿರ್ಧಾರದ ಪ್ರಕಟಣೆ ಹೇಳಿತು. ಮಾಜಿ ಆರ್‌ಜೆಗಳ ಮಾತುಕತೆ ಕೇಳಿದರೆ ಇದಕ್ಕೆ ಉತ್ತರ ಸಿಗುತ್ತದೆ: ಜಾಲದ ಪ್ರಸಾರಕ್ಕೆ ಅವಕಾಶ ಇರುವಾಗ ಹೊಸ ನಿಲಯ ಎಂದರೆ ಹೊಸ ಗೋಪುರ, ಹೊಸ ಕೆಲಸವೇ ಆಗಬೇಕೆಂದಿಲ್ಲ. ಈ ವಾದದ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಒಡೆತನದ ಮಿತಿ ಸಡಿಲಿಸುವಾಗ ಸ್ಥಳೀಯ ಸಿಬ್ಬಂದಿಯ ಷರತ್ತನ್ನು ಬಿಗಿ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು.

ಕಾಞಂಗಾಡಿನಲ್ಲಿ ಗೋಪುರ ಎದ್ದರೆ

ಒಪ್ಪಿಗೆ ಸಿಕ್ಕಿತೆಂದರೆ ನಿಲಯ ಬಂದಿತೆಂದಲ್ಲ. 2016ರಲ್ಲಿ ನಡೆದ ಮೂರನೇ ಹಂತದ ಎರಡನೇ ಕಂತಿನ ಹರಾಜಿನಲ್ಲಿ 92 ನಗರಗಳ 266 ವಾಹಿನಿಗಳಿದ್ದವು, ಮಾರಾಟವಾದದ್ದು 66. ಎಷ್ಟೋ ಸಣ್ಣ ಊರುಗಳನ್ನು ಕೇಳುವವರೇ ಇರಲಿಲ್ಲ. ಕಾಞಂಗಾಡಿಗೂ ಇದೇ ಆಗಬಹುದು.

ಯಾರಾದರೂ ಕೊಂಡರು ಎಂದಿಟ್ಟುಕೊಳ್ಳೋಣ. ಹರಾಜಿನಲ್ಲಿ ಕೇಳುವುದು ಹಣವನ್ನು, ಭಾಷೆಯನ್ನಲ್ಲ. ನಿಲಯದ ಭಾಷೆಯನ್ನು ಜಾಹೀರಾತುದಾರ ನಿರ್ಧರಿಸುತ್ತಾನೆ. ಕನ್ನಡದ ಹಳೆಯ ದಾಖಲೆಗಳಲ್ಲಿ ಹೊಸದುರ್ಗವಾಗಿರುವ ಕಾಞಂಗಾಡು ಚಂದ್ರಗಿರಿ ಹೊಳೆಯ ದಕ್ಷಿಣಕ್ಕಿದೆ. ಮಹಾಜನ ಆಯೋಗ 1967ರಲ್ಲಿ ಕರ್ನಾಟಕಕ್ಕೆ ಸೇರಿಸಲು ಹೇಳಿದ್ದು ಹೊಳೆಯ ಉತ್ತರದ ಭಾಗವನ್ನು. ದಕ್ಷಿಣದ ಪೇಟೆಯ ಮಾತು, ವ್ಯಾಪಾರ, ಸಿನಿಮಾ ಎಲ್ಲವೂ ಮಲಯಾಳ. ಅಲ್ಲಿ ಬರುವ ನಿಲಯ ಮಲಯಾಳದ್ದೇ ಆಗುತ್ತದೆ, ಅದರಲ್ಲಿ ತಪ್ಪೂ ಇಲ್ಲ. ಕಣ್ಣೂರಿನಲ್ಲಿ ಈಗಾಗಲೇ ಇರುವ ಜಾಲಗಳು ಕೊಂಡರೆ ಅಲ್ಲಿಂದಲೇ ಕಾರ್ಯಕ್ರಮ ಹರಿಸಬಹುದು. ಜಿಲ್ಲೆಯ ಮಲಯಾಳ ಆರ್‌ಜೆಗಳಿಗೂ ಆಗ ಹೆಚ್ಚು ಕೆಲಸ ಸಿಗಲಾರದು.

ಕನ್ನಡ ಕೇಳುಗರಿಗೆ ತಟ್ಟುವುದು ಮೊದಲು ಹೇಳಿದ ಭೌತಶಾಸ್ತ್ರ. ಹತ್ತಿರದ ಗೋಪುರದಿಂದ ಬಲವಾದ ತರಂಗ ಬಂದರೆ, ಅದೇ ಅಥವಾ ಪಕ್ಕದ ಕಂಪನಾಂಕದಲ್ಲಿ ದೂರದಿಂದ ಬರುತ್ತಿದ್ದ ಕ್ಷೀಣ ತರಂಗ ಮುಳುಗುತ್ತದೆ. ಕಂಪನಾಂಕ ಹಂಚುವಾಗ ಪ್ರತಿ ನಿಲಯಕ್ಕೂ ಅದರ ಪರವಾನಗಿ ವ್ಯಾಪ್ತಿಯೊಳಗೆ ರಕ್ಷಣೆ ಇರುತ್ತದೆ, ಅದರಾಚೆ ಸೋರಿ ಬಂದ ಧ್ವನಿಗೆ ಇರುವುದಿಲ್ಲ. ಮಂಜೇಶ್ವರ, ಉಪ್ಪಳದಲ್ಲಿ ಮಂಗಳೂರು ಮೊದಲಿನಂತೆ ಕೇಳಬಹುದು. ಕಾಸರಗೋಡು ಪೇಟೆ, ಮುಳ್ಳೇರಿಯದ ಕಡೆ ಕೆಲವು ಕನ್ನಡ ಸ್ಥಾನಗಳು ಮಂಕಾಗುವ ಸಾಧ್ಯತೆ ಇದೆ.

ಡಿಜಿಟಲ್ ರೇಡಿಯೊದತ್ತ ನೋಡುವವರಿಗೆ ಸದ್ಯಕ್ಕೆ ಸಿಗುವುದು ಕಡಿಮೆ. 2025ರ ಅಕ್ಟೋಬರ್‌ನಲ್ಲಿ ಟ್ರಾಯ್ ಮಾಡಿದ ಶಿಫಾರಸಿನಲ್ಲಿ ಇರುವುದು 13 ದೊಡ್ಡ ನಗರಗಳು, ಕರ್ನಾಟಕದಿಂದ ಬೆಂಗಳೂರು ಮಾತ್ರ.

ಹತ್ತಿರದ ದಾರಿ ಸಮುದಾಯ ರೇಡಿಯೊ. ಅದಕ್ಕೆ ಹರಾಜಿಲ್ಲ. 2006ರ ನೀತಿಯಿಂದ ಶಿಕ್ಷಣ ಸಂಸ್ಥೆಗಳ ಜೊತೆಗೆ ಸೇವಾ ಸಂಸ್ಥೆಗಳೂ ಅರ್ಜಿ ಹಾಕಬಹುದು. ಮಂಗಳೂರಿನ ರೇಡಿಯೊ ಸಾರಂಗ್ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೆ ಜಾಗ ಸಿಕ್ಕಿದೆ, ವಯನಾಡಿನಲ್ಲಿ ಮಾಟ್ಟೊಲಿ ನಿಲಯ ಆದಿವಾಸಿ ಭಾಷೆಗಳನ್ನು ಬಾನಿಗೆ ತಂದಿದೆ. ವ್ಯಾಪ್ತಿ ಸುಮಾರು 10 ಕಿ.ಮೀ. ಮಾತ್ರ. 2024ರ ಫೆಬ್ರುವರಿಯಲ್ಲಿ ಜಾಹೀರಾತಿನ ಅವಧಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ, ಸರ್ಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿಸಿದ್ದರಿಂದ ಲೆಕ್ಕ ಸ್ವಲ್ಪ ಸುಧಾರಿಸಿದೆ. ಇದರಲ್ಲಿ ಯಾರಿಗೂ ದೊಡ್ಡ ಸಂಬಳ ಸಿಗುವುದಿಲ್ಲ. ಆದರೆ ಬದಿಯಡ್ಕದ ಕಾಲೇಜೋ ಸಹಕಾರಿ ಸಂಸ್ಥೆಯ ಬೆಂಬಲದ ಟ್ರಸ್ಟೋ ಮುಂದೆ ಬಂದರೆ, ಕೆಲಸ ಬಲ್ಲ ಮಾಜಿ ಆರ್‌ಜೆಗಳು ಗಂಟೆ ದೂರದಲ್ಲೇ ಇದ್ದಾರೆ.

2030ರ ಮಾರ್ಚ್ 31

ಈ ತಾರೀಕನ್ನು ಗುರುತು ಹಾಕಿಕೊಳ್ಳಬೇಕು. ಎರಡನೇ ಹಂತದಿಂದ ಮೂರನೇ ಹಂತಕ್ಕೆ ದಾಟಿದ ಹಳೆಯ ನಿಲಯಗಳಿಗೆ 2015ರ ಏಪ್ರಿಲ್ 1ರಿಂದ 15 ವರ್ಷಗಳ ಪರವಾನಗಿ ದೊರೆತಿತ್ತು. ಆ ಅವಧಿ ಮುಗಿಯುವುದು ಅಂದು. ಮುಂದೆ ಮತ್ತೆ ಹರಾಜೋ, ನವೀಕರಣವೋ, ಎಷ್ಟು ದುಬಾರಿಯೋ ತಿಳಿಯದ ಮಾಲೀಕ ಹೊಸ ಧ್ವನಿ ಬೆಳೆಸಲು ಹಣ ಹಾಕುವುದಿಲ್ಲ, ಇರುವುದನ್ನು ಹಿಂಡಿ ದಿನ ದೂಡುತ್ತಾನೆ. ಆದ್ದರಿಂದ ಅಲ್ಲಿಯವರೆಗೆ ಇನ್ನಷ್ಟು ಸೋಮವಾರಗಳಲ್ಲಿ ಇನ್ನಷ್ಟು ಧ್ವನಿಗಳು ಇಲ್ಲವಾಗಲಿವೆ.

ಹೋದವರ ಮಾತುಕತೆಗಳನ್ನು ಹಳಹಳಿಕೆ ಎಂದು ತಳ್ಳಿಹಾಕುವವರಿದ್ದಾರೆ. ಕರಾವಳಿಯ ಖಾಸಗಿ ಎಫ್‌ಎಂನ ಹದಿನೈದಕ್ಕೂ ಹೆಚ್ಚು ವರ್ಷಗಳ ಕನ್ನಡ, ತುಳು ಮಾತನ್ನು ಸಾರ್ವಜನಿಕರಿಗಾಗಿ ಯಾವ ಗ್ರಂಥಾಲಯವೂ ಜೋಪಾನ ಮಾಡಿಲ್ಲ. ಯಾವ ವರ್ಷ ಯಾವ ನಿಲಯದಲ್ಲಿ ಎಷ್ಟು ಜನರಿದ್ದರು, ಬೆಳಗಿನ ಕಾರ್ಯಕ್ರಮ ಯಾವಾಗ ನೇರ ಪ್ರಸಾರದಿಂದ ಮುದ್ರಿತ ಮಾತಿಗೆ ಇಳಿಯಿತು, ಉಪ್ಪಳದಿಂದ ದಿನಾ ಫೋನ್ ಮಾಡುತ್ತಿದ್ದ ಕೇಳುಗರಿಗೆ ಕೊನೆಗೆ ಯಾರು ಉತ್ತರಿಸಿದರು ಎಂಬುದೆಲ್ಲ ಈಗ ಉಳಿದಿರುವುದು ಆ ಹರಟೆಗಳಲ್ಲಿ ಮಾತ್ರ. 2030ರ ಷರತ್ತುಗಳನ್ನು ಬರೆಯಲು ಕೂರುವವರ ಮೇಜಿನ ಮೇಲೆ ಆದಾಯದ ಪಟ್ಟಿಗಳು ಹೇಗೂ ಇರುತ್ತವೆ. ಈ ಹರಟೆಗಳ ಲಿಖಿತ ಪ್ರತಿಯನ್ನು ಅಲ್ಲಿಗೆ ಒಯ್ಯುವವರು ಬೇಕು.